ಮನೆಮಗಳಿಗೊಂದು ಅನುಭವ ಪತ್ರ

ಚಳ್ಳಕೆರೆಯ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ಇದೆ. ಪಹಣಿ, ಆದಾಯ ಪತ್ರ, ತಕರಾರು ಅರ್ಜಿ, ತಕರಾರಿನ ಮೇಲೊಂದು ತಕರಾರು, ಎಲ್ಲವೂ ಇಲ್ಲಿ ಟೈಪಾಗುತ್ತದೆ. ಬೇಕೆಂದರೆ ಇಂಗ್ಲಿಷಿಗೂ ಮಾಡಿಕೊಡುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಸುಳ್ಳು ಬರೆಸಲು ಬಂದವರು ಐದು ನಿಮಿಷದಲ್ಲಿ ಮುಗಿಸಿ ಹೋಗುತ್ತಾರೆ, ನಿಜ ಬರೆಸಲು ಬಂದವರು ತಿಂಗಳುಗಟ್ಟಲೆ ಅಲೆಯುತ್ತಾರೆ. ನಾಗರತ್ನ ನನ್ನ ಅಂಗಡಿಗೆ ನಾಲ್ಕು ತಿಂಗಳು ಅಲೆದಳು.

ಅವಳು ಕೊಂಡ್ಲಹಳ್ಳಿಯ ತಿಪ್ಪಯ್ಯನ ಮಗಳು. ವಯಸ್ಸು ಮೂವತ್ತೇಳು, ಪಿಯುಸಿ ಪಾಸು. ಗಂಡ ಮಾರುತೇಶ ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವೆ ಲಗೇಜ್ ಆಟೋ ಓಡಿಸುತ್ತಾನೆ. ಒಬ್ಬಳೇ ಮಗಳು ಶಿಲ್ಪ, ಒಂಬತ್ತನೇ ಕ್ಲಾಸು. ಗಡಿ ಕಡೆಯ ಹೆಣ್ಣಾದ್ದರಿಂದ ನಾಗರತ್ನ ಕನ್ನಡದಲ್ಲಿ ಮಾತಾಡುತ್ತಾಳೆ, ತೆಲುಗಿನಲ್ಲಿ ಬೈಯುತ್ತಾಳೆ. ಅವಳ ಕಸುಬು ಮುದುಕರನ್ನು ಎತ್ತುವುದು. ಮೊದಲು ಲಕ್ವ ಹೊಡೆದ ಮಾವನನ್ನು ನಾಲ್ಕು ವರ್ಷ ಎತ್ತಿದಳು. ಅವನು ಹೋದಮೇಲೆ ಅಕ್ಕಪಕ್ಕದವರು ಕರೆಯತೊಡಗಿದರು. ನೋಡಲು ಅಂಥ ದೊಡ್ಡ ಆಳೇನೂ ಅಲ್ಲ.

“ಎತ್ತೋಕೆ ಬಲ ಬೇಕಾಗಿಲ್ಲ ಜಂಬಣ್ಣ,” ಎಂದು ಒಮ್ಮೆ ನನಗೆ ಹೇಳಿದ್ದಳು. “ಅವರು ನಮ್ಮ ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಳ್ಳಂಗೆ ಮಾಡ್ಕಬೇಕು. ಬೀಳಿಸಲ್ಲ ಅಂತ ನಂಬಿಕೆ ಬಂತು ಅಂದ್ರೆ ಅರ್ಧ ಭಾರ ಅವರೇ ಹೊರ್ತಾರೆ.”

ಆರು ವರ್ಷದ ಹಿಂದೆ ಪಾವಗಡ ರಸ್ತೆಯ ಎಣ್ಣೆ ಮಿಲ್ಲಿನ ಸಾವ್ಕಾರ ಓಂಕಾರಮೂರ್ತಿಯವರ ತಾಯಿ ವೀರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಗ ಎಂಬತ್ತೆರಡು, ಈಗ ಎಂಬತ್ತೆಂಟು. ಸೊಂಟ ಕೂಡಲಿಲ್ಲ, ಬಾಯಿಗೆ ಏನೂ ಆಗಲಿಲ್ಲ. ಮುದುಕಿಯನ್ನು ನೋಡಿಕೊಳ್ಳಲು ಬಂದ ಮೂವರು ಒಂದೇ ತಿಂಗಳಲ್ಲಿ ಕಣ್ಣೀರು ಹಾಕಿಕೊಂಡು ಓಡಿಹೋದರು. ನಾಲ್ಕನೆಯವಳಾಗಿ ನಾಗರತ್ನ ಬಂದಳು. ಮೊದಲ ದಿನ ಮುದುಕಿ ಬೈದಳು, ಇವಳು ತೆಲುಗಿನಲ್ಲಿ ತಿರುಗಿ ಬೈದಳು. ಮುದುಕಿಗೆ ಅರ್ಥವಾಗದಿದ್ದರೂ ಸಂತೋಷವಾಯಿತು. ಅವತ್ತಿನಿಂದ ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಐದರವರೆಗೆ, ವಾರಕ್ಕೆ ಆರು ದಿನ, ವೀರಮ್ಮನ ಕೈಕಾಲು ಎರಡೂ ನಾಗರತ್ನಳೇ.

ಕೆನಡಾದಲ್ಲಿ ಕೆಲಸದ ವಿಷಯ ಬಂದದ್ದು ಮೊಳಕಾಲ್ಮುರಿನಿಂದ. ಅಲ್ಲಿ ಮಾರುತೇಶ ಲಗೇಜ್ ಇಳಿಸುವ ಒಬ್ಬ ಸೀರೆ ವ್ಯಾಪಾರಿಯ ಅಕ್ಕ ಆಂಧ್ರದ ರಾಯದುರ್ಗದವಳು, ಡಾಕ್ಟರಾದ ಮಗಳ ಜೊತೆ ಕೆನಡಾದ ಯಾವುದೋ ಸಣ್ಣ ಊರಿನಲ್ಲಿದ್ದಾಳೆ. ಆಕೆಗೆ ತೆಲುಗು ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಅಲ್ಲಿಯ ಕೆಲಸದವರಿಗೆ ತೆಲುಗು ಬರುವುದಿಲ್ಲ, ಹಾಗಾಗಿ ಮಾತ್ರೆ ನುಂಗುವುದಿಲ್ಲ. ಡಾಕ್ಟರಮ್ಮ ವಿಡಿಯೋ ಕಾಲ್ ಮಾಡಿ ನಾಗರತ್ನಳನ್ನು ಪರೀಕ್ಷೆ ಮಾಡಲು ಕೂತಳು. ಪಕ್ಕದಲ್ಲೇ ಆ ತಾಯಿ ಮಾತ್ರೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ಕೂತಿದ್ದಾಳೆ. ನಾಗರತ್ನ ಇಲ್ಲಿಂದಲೇ, “ನೋರು ತೆರುವು ಪೆದ್ದಮ್ಮಾ,” ಎಂದು ಗದರಿದಳಂತೆ. ಬಾಯಿ ತೆಗಿ ದೊಡ್ಡಮ್ಮ ಎಂದು. ಮುದುಕಿ ಬಾಯಿ ತೆರೆದು ತೋರಿಸಿ, ಮಾತ್ರೆ ನುಂಗಿ, ನೀರು ಕುಡಿದಳು. ಕೆಲಸ ಸಿಕ್ಕಿತು.

ಇನ್ನು ಆ ದೇಶದ ಶಾಸ್ತ್ರ. ಅಲ್ಲಿ ಮುದುಕರನ್ನು ನೋಡಿಕೊಳ್ಳುವವರಿಗೆ ಕೊರತೆಯಂತೆ. ಅದಕ್ಕೇ ಆ ಕಸುಬಿನವರಿಗೆ ಖಾಯಂ ವಾಸದ ಹಕ್ಕಿಗೆ ಒಂದು ದಾರಿ ಮಾಡಿದ್ದಾರೆ. ಸಿಕ್ಕರೆ ಗಂಡ, ಮಗಳು ಎಲ್ಲರಿಗೂ ಸಿಕ್ಕ ಹಾಗೆ. ಆ ದಾರಿಗೊಂದು ಬಾಗಿಲು. ಅದು ಯಾವಾಗಲೋ ತೆರೆಯುತ್ತದೆ, ಬೇಕಾದಷ್ಟು ಜನ ಬಂದ ತಕ್ಷಣ ಮುಚ್ಚುತ್ತದೆ. ತೆರೆದ ಹೊತ್ತಿಗೆ ಕೈಯಲ್ಲಿ ಎಲ್ಲ ಕಾಗದ ಇರಬೇಕು. ನಾಗರತ್ನ ಒಂದೊಂದನ್ನೇ ಕೂಡಿಸಿದಳು. ಪಿಯುಸಿ ಅಂಕಪಟ್ಟಿ ಅಲ್ಲಿಯ ಓದಿಗೆ ಸಮ ಎಂದು ಬರೆಸಿಕೊಂಡಳು. ಚಿತ್ರದುರ್ಗಕ್ಕೆ ಹೋಗಿ ತನ್ನ ಮೇಲೆ ಯಾವ ಕೇಸೂ ಇಲ್ಲ ಎಂದು ಪೊಲೀಸರಿಂದ ಪತ್ರ ತಂದಳು. ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಪರೀಕ್ಷೆ ಬರೆದಳು. ಮಾತಿನ ಪರೀಕ್ಷೆಯಲ್ಲಿ ನಿಮಗೆ ಗೊತ್ತಿರುವ ಒಬ್ಬ ವೃದ್ಧರ ಬಗ್ಗೆ ಹೇಳಿ ಎಂದರಂತೆ. “ಒನ್ ಓಲ್ಡ್ ಲೇಡಿ. ವೆರಿ ಹೆವಿ. ವೆರಿ ಆಂಗ್ರಿ,” ಎಂದು ಶುರು ಮಾಡಿದವಳು ಸ್ನಾನ ಮಾಡಿಸುವುದು, ಬೆನ್ನು ಹುಣ್ಣಿಗೆ ಪುಡಿ ಹಾಕುವುದು, ಮಲಬದ್ಧತೆ, ಎಲ್ಲವನ್ನೂ ವಿವರಿಸಿ, ಸಾಕಮ್ಮ ಎನ್ನುವವರೆಗೂ ನಿಲ್ಲಿಸಲಿಲ್ಲ. ಪಾಸಾದಳು.

ಉಳಿದದ್ದು ಒಂದೇ ಕಾಗದ. ಸಂಬಳ ತೆಗೆದುಕೊಂಡು ಈ ಕೆಲಸ ಮಾಡಿದ್ದಾಳೆ ಎಂದು ಧಣಿ ಬರೆದುಕೊಡಬೇಕಾದ ಅನುಭವ ಪತ್ರ. ಯಾವಾಗಿನಿಂದ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ, ಎಷ್ಟು ಸಂಬಳ. ಸ್ವಂತ ಮನೆಯವರನ್ನು ನೋಡಿಕೊಂಡದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ಮಾವನನ್ನು ಎತ್ತಿದ ನಾಲ್ಕು ವರ್ಷ ನೀರುಪಾಲಾಯಿತು. ವೀರಮ್ಮನನ್ನು ಎತ್ತಿದ ಆರು ವರ್ಷವೇ ಗತಿ.

ಓಂಕಾರಮೂರ್ತಿಯವರು ಕೆಟ್ಟ ಮನುಷ್ಯರಲ್ಲ, ಹೊಗಳಿಕೆಯ ಮನುಷ್ಯರು. ಕೇಳಿದ ತಕ್ಷಣ ಒಪ್ಪಿ, ತಾವೇ ನನ್ನ ಅಂಗಡಿಗೆ ಬಂದು, ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ ಮೂರು ಪುಟ ಹೇಳಿ ಬರೆಸಿದರು. “ಶ್ರೀಮತಿ ನಾಗರತ್ನ ನಮ್ಮ ಮನೆಯ ಕೆಲಸದವಳಲ್ಲ, ಮನೆಯ ಮಗಳು. ಆಕೆ ಎಂದೂ ನಮ್ಮಲ್ಲಿ ಸಂಬಳ ಕೇಳಿದವಳಲ್ಲ, ನಾವೂ ಸಂಬಳವೆಂದು ಕೊಟ್ಟವರಲ್ಲ. ತಾಯಿಯ ಸೇವೆಯಲ್ಲಿ ನಮ್ಮೊಂದಿಗೆ ಕೈಜೋಡಿಸಿದ ಪುಣ್ಯವಂತೆ.”

ಕೊಡುತ್ತಿದ್ದರು. ತಿಂಗಳಿಗೆ ಹನ್ನೊಂದು ಸಾವಿರ, ಒಂದು ದಿನ ತಪ್ಪದೆ. ಆದರೆ ಕೊಡುವ ರೀತಿ ಬೇರೆ. ಸ್ಟೀಲ್ ತಟ್ಟೆಯಲ್ಲಿ ನೋಟು ಇಟ್ಟು, ಮೇಲೆ ಎರಡು ವೀಳ್ಯದೆಲೆ, ಅಡಿಕೆ ಇಟ್ಟು, ಹೆಂಡತಿ ಮಂಗಳಗೌರಿಯ ಕೈಯಲ್ಲಿ ಅರಿಶಿನ ಕುಂಕುಮ ಕೊಡಿಸಿ, ಬಾಗಿನದ ಹಾಗೆ ದಾಟಿಸುತ್ತಿದ್ದರು. ಎಲೆ ಅಡಿಕೆ ಮುಚ್ಚಿದರೆ ಸಂಬಳ ಸಂಬಳವಲ್ಲ ಎಂಬುದು ಅವರ ಶಾಸ್ತ್ರ. ಬ್ಯಾಂಕಿನಲ್ಲಿ ಅದರ ಗುರುತು ಎಲ್ಲಿಂದ ಬರಬೇಕು.

ಮೂರು ಪುಟವನ್ನೂ ಇಂಗ್ಲಿಷ್ ಮಾಡಿ ಕಳಿಸಿದೆ. ಓದಿದ ಡಾಕ್ಟರಮ್ಮ ಫೋನ್ ಮಾಡಿ, “ನಾಗರತ್ನಗಾರೂ, ಮೀರು ವಾಳ್ಳ ಕೂತುರಾ?” ಎಂದಳು. ನೀವು ಅವರ ಮಗಳಾ ಎಂದು. ಈ ಪತ್ರ ಇಟ್ಟರೆ ಅರ್ಜಿ ಅಲ್ಲೇ ಕಸದಬುಟ್ಟಿಗೆ, ಸಂಬಳ ಕೊಟ್ಟದ್ದನ್ನು ಸಂಬಳ ಎಂದೇ ಬರೆಸಿ ಎಂದಳು.

ನಾನೂ ನಾಗರತ್ನಳೂ ಮಿಲ್ಲಿಗೆ ಹೋದೆವು. ಸಾವ್ಕಾರರು ವಿಷಯ ಕೇಳಿ ಮುಖ ಸಣ್ಣ ಮಾಡಿದರು.

“ನಮ್ಮವ್ವನ್ನ ಸಂಬಳದ ಆಳಿಟ್ಟು ನೋಡ್ಕೊಂಡ್ವಿ ಅಂತ ಲೆಟರ್‌ಹೆಡ್‌ನಾಗೆ ಬರ್ದು ಸೈನ್ ಹಾಕ್ಲೇನೋ ಜಂಬುಲಿಂಗ? ನಾಳೆ ಊರಾಗೆ ತಲೆ ಎತ್ತಿ ಓಡಾಡ್ಲಾ ಬ್ಯಾಡ್ವಾ?”

ಅವರ ಸಂಕಟ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ನಮ್ಮೂರಿನ ವರ್ತಕರ ಬಳಗವೊಂದು ಅವರಿಗೆ ಮಾತೃಸೇವೆಗೆಂದು ಸನ್ಮಾನ ಮಾಡಿತ್ತು. ಶಾಲು, ಹಾರ, ಪೇಟ. ಭಾಷಣಕಾರರು ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಅರ್ಧ ಗಂಟೆ ಕೊರೆದರು. “ಸ್ವತಃ ತಮ್ಮ ಕೈಯಾರೆ ತಾಯಿಯ ಶುಶ್ರೂಷೆ ಮಾಡುತ್ತಿರುವ” ಎಂದು ಅಭಿನಂದನಾ ಪತ್ರದಲ್ಲಿತ್ತು. ಟೈಪ್ ಮಾಡಿದವನು ನಾನೇ, ಆದ್ದರಿಂದ ನಾನೇನೂ ಸಾಚಾ ಅಲ್ಲ. ಅವತ್ತು ಸ್ವತಃ ಕೈಯಾರೆ ಶುಶ್ರೂಷೆ ಮಾಡುತ್ತಿದ್ದವಳು ಮನೆಯಲ್ಲಿ ವೀರಮ್ಮನ ಬೆನ್ನು ತಿಕ್ಕುತ್ತಿದ್ದಳು.

ಕೊನೆಗೆ ಸಾವ್ಕಾರರು ಹಾವೂ ಸಾಯದ ಕೋಲೂ ಮುರಿಯದ ಒಂದು ಪತ್ರ ಬರೆಸಿದರು. ನಾಗರತ್ನ ನಮ್ಮಲ್ಲಿ ಸಂಬಳಕ್ಕೆ ಕಸ, ಮುಸುರೆ, ಬಟ್ಟೆ ಕೆಲಸ ಮಾಡಿಕೊಂಡಿದ್ದಳು ಎಂದು. ಅವಳು ಆ ಮನೆಯ ಒಂದು ಲೋಟ ತೊಳೆದವಳಲ್ಲ. ಮುಸುರೆ ತಿಕ್ಕಿದವರಿಗೆ ಆ ಬಾಗಿಲು ತೆರೆಯುವುದೂ ಇಲ್ಲ. ಆ ಪತ್ರವೂ ದಂಡ. ಇದನ್ನು ಹೇಳಿದಾಗ ಓಂಕಾರಮೂರ್ತಿಯವರಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಹೊಟ್ಟೆಯೊಳಗಿನ ಮಾತೂ ಬಂತು.

“ಬರ್ಕೊಟ್ರೆ ನೀನು ಹೋಗ್ತೀಯಾ. ನೀನು ಹೋದ್ರೆ ಅವ್ವನ್ನ ಯಾರು ನೋಡ್ತಾರೆ?”

“ನನ್ನಿವಾಳದ ಸೂರಮ್ಮನ್ನ ಕೇಳಿದೀನಿ ಸಾವ್ಕಾರ್ರೇ. ಎರಡು ತಿಂಗಳು ಜೊತೆಗಿದ್ದು ಎಲ್ಲಾ ಕಲಿಸಿಕೊಟ್ಟೇ ಹೋಗ್ತೀನಿ.”

“ಅವಳು ಬೇರೆ, ನೀನು ಬೇರೆ. ನೀನು ಮನೆಮಗಳು ಕಣಮ್ಮ,” ಎಂದು ಸಾವ್ಕಾರರು ಎದ್ದು ಒಳಗೆ ಹೋದರು.

ನಾಗರತ್ನ ಬಂದು ಆಟೋ ಹತ್ತಿದಳು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. “ಇಲ್ಲಿ ಎತ್ತಿದ್ರೆ ಪುಣ್ಯ ಬರ್ತೈತೆ, ಅಲ್ಲಿ ಎತ್ತಿದ್ರೆ ಮನೆ ಸಿಗ್ತೈತೆ. ನಂಗೆ ಪುಣ್ಯ ಸಾಕಾಗೈತೆ ಜಂಬಣ್ಣ.”

ಕೆನಡಾದ ಬಾಗಿಲು ತೆರೆಯುವ ದಿನ ಅಷ್ಟರಲ್ಲಿ ಗೊತ್ತಾಗಿತ್ತು, ಇನ್ನು ಹದಿನೆಂಟು ದಿನವಿತ್ತು. ಶ್ರಾವಣ ಹುಟ್ಟಿತ್ತು.

ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಮಗಳು ತವರಿಗೆ ಬರಬೇಕು, ಶೇಂಗಾ ಉಂಡೆ, ತಂಬಿಟ್ಟು ತಿನ್ನಬೇಕು, ಜೋಕಾಲಿ ಆಡಬೇಕು. ತವರಿಗೆ ಬಂದ ಮಗಳು ಕಡ್ಡಿ ಎತ್ತಿ ಆಚೆಗಿಡುವಂತಿಲ್ಲ. ಮಾಡುವುದೆಲ್ಲ ಅತ್ತಿಗೆ. ಚೌತಿಯ ದಿನ ಬೆಳಿಗ್ಗೆ ಏಳಕ್ಕೆ ನಾಗರತ್ನ ಎಂದಿನಂತೆ ಓಂಕಾರಮೂರ್ತಿಯವರ ಮನೆಗೆ ಹೋದಳು. ಹಿತ್ತಲ ಬಾಗಿಲಿನಿಂದಲ್ಲ, ಮುಂಬಾಗಿಲಿನಿಂದ. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಬಟ್ಟೆ ಚೀಲ ಹಿಡಿದು, ಹಿಂದೆ ಮಗಳು ಶಿಲ್ಪಳನ್ನೂ ಕರೆದುಕೊಂಡು.

“ಅಣ್ಣ, ಹಬ್ಬಕ್ಕೆ ಬಂದೆ. ನೀವು ಕರೆಯೋದು ಮರ್ತಿದ್ರಿ,” ಎಂದು ಹಾಲಿನ ಸೋಫಾದ ಮೇಲೆ ಕಾಲು ಮಡಿಚಿ ಕೂತಳು. ಒಳಗಿನಿಂದ ಬಂದ ಮಂಗಳಗೌರಿಯನ್ನು ನೋಡಿ, “ಅತ್ತಿಗೆ, ಕಾಫಿಗೆ ಸಕ್ಕರೆ ಕಮ್ಮಿ ಇರ್ಲಿ,” ಎಂದಳು. ಹಿಂದಿನ ದಿನದವರೆಗೆ ಅವರು ಸಾವ್ಕಾರ್ರು, ಅಮ್ಮಾರು.

ಹಬ್ಬದ ದಿನ ಬಾಗಿಲಿಗೆ ಬಂದ ಮನೆಮಗಳನ್ನು ಕಳಿಸುವುದು ಹೇಗೆ? ಮೂರು ಪುಟ ಬರೆಸಿ ಸಹಿ ಹಾಕಿದ್ದಾರೆ. ಸಾವ್ಕಾರರಿಗೆ ಬಿಸಿತುಪ್ಪ ಬಾಯಿಗೆ ಬಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಮಾರನೆಯ ದಿನ ಪಂಚಮಿಗೆ ನಾನೇ ಕಣ್ಣಾರೆ ನೋಡಲು ಹೋದೆ. ಮಿಲ್ಲಿನ ಯಾವುದೋ ಪ್ರಿಂಟ್ ಕೊಡುವ ನೆಪ ಮಾಡಿಕೊಂಡೆ. ಇಂಥದ್ದನ್ನು ತಪ್ಪಿಸಿಕೊಳ್ಳುವ ಮನುಷ್ಯ ನಾನಲ್ಲ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಸಾವ್ಕಾರರ ಸ್ವಂತ ಮಗಳು ತ್ರಿವೇಣಿ ಈ ಸಲ ಬರಲಾಗುವುದಿಲ್ಲವೆಂದು ಹುಬ್ಬಳ್ಳಿಯಿಂದ ಫೋನ್ ಮಾಡಿದ್ದಳಂತೆ, ಜೋಕಾಲಿ ಖಾಲಿಯಿತ್ತು. ನಾಗರತ್ನ ಅದರ ಮೇಲೆ ಕೂತು ಉಂಡೆ ತಿನ್ನುತ್ತ ತೂಗಿಕೊಳ್ಳುತ್ತಿದ್ದಳು. ಪ್ರತಿ ತೂಗಿಗೂ ವೀರಮ್ಮನ ಕೋಣೆಯ ಕಿಟಕಿ ಕಾಣುತ್ತಿತ್ತು. ಕಿಟಕಿಯ ಕಡೆ ಬಂದಾಗೆಲ್ಲ ಒಂದೊಂದು ಅಪ್ಪಣೆ.

“ಅತ್ತಿಗೆ, ಎಡಕ್ಕೆ ತಿರುಗಿಸ್ರಿ. ಬಲಗಡೆ ಹುಣ್ಣೈತೆ.”

“ಅತ್ತಿಗೆ, ಡೈಪರ್ ಕೆಳಗೆ ಬಟ್ಟೆ ಹಾಸಿಲ್ಲ.”

“ಅತ್ತಿಗೆ, ಕೈ ಕಂಕುಳಾಗೆ ಕೊಟ್ಟು ಎತ್ರಿ. ರಟ್ಟೆ ಹಿಡಿದು ಎಳಿಬ್ಯಾಡ್ರಿ, ಅದೇನು ಶೇಂಗಾ ಚೀಲಲ್ಲ.”

ಒಳಗಿನಿಂದ ವೀರಮ್ಮನ ನಗು ಕೇಳುತ್ತಿತ್ತು. ರಾತ್ರಿಗೂ ಭಾನುವಾರಕ್ಕೂ ಬರುತ್ತಿದ್ದ ಮಿಲ್ಲಿನ ಹೆಣ್ಣಾಳು ಹಬ್ಬಕ್ಕೆ ತನ್ನೂರಿಗೆ ಹೋಗಿದ್ದಳು. ಆರು ವರ್ಷದಲ್ಲಿ ಸೊಸೆಯ ಕೈ ತನ್ನ ಮೈಗೆ ತಾಗಿದ್ದು ಆ ಹಬ್ಬಕ್ಕೇ ಮೊದಲು ಎಂದು ಮುದುಕಿ ಆಮೇಲೆ ಊರಿಗೆಲ್ಲ ಹೇಳಿದಳು. ನಾಗರತ್ನಳಿಗೆ ಅದು ಆಟವೇನೂ ಆಗಿರಲಿಲ್ಲ. ಉಂಡೆ ಕೈಯಲ್ಲೇ ಇತ್ತು, ಕಣ್ಣು ಕಿಟಕಿಯಲ್ಲಿತ್ತು. ಮುದುಕಿ ಒಮ್ಮೆ ನೋವಿಗೆ ನರಳಿದಾಗ ಜೋಕಾಲಿಯಿಂದ ಕಾಲು ಕೆಳಗಿಟ್ಟಳು. “ಕೂತ್ಕೊಳ್ಳೇ ನಾಗಿ. ಹಬ್ಬ ಇನ್ನೂ ಮುಗಿದಿಲ್ಲ,” ಎಂದು ಒಳಗಿನಿಂದ ಮುದುಕಿಯೇ ಗದರಿದಳು. ನಾನು ಅವತ್ತು ನಗುತ್ತ ಹೋದವನು, ಬರುವಾಗ ನಗಲಿಲ್ಲ.

ಸಾವ್ಕಾರರು ಎಲ್ಲಿದ್ದರು ಎಂದರೆ, ಮಿಲ್ಲಿಗೆ ಹಬ್ಬದ ರಜೆಯಿದ್ದರೂ ಮಿಲ್ಲಿನಲ್ಲಿದ್ದರು.

ಮಾರನೆಯ ದಿನ ಅಂಗಡಿಯ ಬಾಗಿಲು ಎತ್ತುವ ಹೊತ್ತಿಗೆ ಮಂಗಳಗೌರಿಯವರು ನಿಂತಿದ್ದರು. ಕಣ್ಣು ಕೆಂಪಾಗಿತ್ತು, ಸೊಂಟ ಹಿಡಿದುಕೊಂಡಿದ್ದರು. ಹಿಂದೆ ಓಂಕಾರಮೂರ್ತಿ ಲೆಟರ್‌ಹೆಡ್ ಹಿಡಿದುಕೊಂಡು ನಿಂತಿದ್ದರು.

“ಬರಿಯಪ್ಪ ಜಂಬುಲಿಂಗ,” ಎಂದು ಮಂಗಳಗೌರಿ ಶುರು ಮಾಡಿದರು. “ಬೆಳಿಗ್ಗೆ ಬಂದ ತಕ್ಷಣ ಡೈಪರ್ ತೆಗೆದು, ಒರೆಸಿ, ಪುಡಿ ಹಾಕಿ, ಬೇರೆ ಹಾಕೋದು. ಎರಡು ಗಂಟೆಗೊಂದ್ಸಲ ಮಗ್ಗಲು ತಿರುಗ್ಸೋದು. ಸಕ್ಕರೆ ಕಾಯಿಲೆ ಸೂಜಿ. ಮುದ್ದೆ ಮೆತ್ತಗೆ ಮಾಡಿ ನುಂಗ್ಸೋದು, ಉಗಿದ್ರೆ ಮತ್ತೆ ನುಂಗ್ಸೋದು. ಎತ್ತಿ ಗಾಲಿ ಕುರ್ಚಿಗೆ ಕೂರ್ಸೋದು, ಅಲ್ಲಿಂದ ಎತ್ತಿ ಮತ್ತೆ ಮಂಚಕ್ಕೆ.”

“ಅಷ್ಟೆಲ್ಲಾ ಯಾಕೆ? ಶುಶ್ರೂಷೆ ಅಂದ್ರೆ ಸಾಕು,” ಎಂದರು ಸಾವ್ಕಾರರು.

“ನೀವು ಸುಮ್ನಿರ್ರಿ. ಎರಡು ದಿನ ಮಾಡಿದ್ದು ನಾನು.”

ವಾರಕ್ಕೆ ಅರವತ್ತು ಗಂಟೆ. ಸಂಬಳ ಹನ್ನೊಂದು ಸಾವಿರ, ಸಂಬಳ ಎಂಬ ಹೆಸರಿನಿಂದಲೇ. ಇಷ್ಟು ವರ್ಷದಲ್ಲಿ ನಾನು ಟೈಪ್ ಮಾಡಿದ ಕಾಗದಗಳಲ್ಲಿ ಇಷ್ಟು ನಿಜವಾದದ್ದು ಇನ್ನೊಂದಿಲ್ಲ. ಡಾಕ್ಟರಮ್ಮ ಕಳಿಸಿದ ಮಾದರಿಯಲ್ಲಿ ಕೊನೆಗೊಂದು ಸಾಲು ಉಳಿದಿತ್ತು. ಕೆಲಸ ಕೊಟ್ಟವರಿಗೂ ಅರ್ಜಿದಾರರಿಗೂ ಇರುವ ಸಂಬಂಧ. ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾದೆ. ಗಂಡ ಹೆಂಡತಿಯ ಮುಖ ನೋಡಿದರು, ಹೆಂಡತಿ ರಸ್ತೆ ನೋಡಿದರು. ಕೊನೆಗೆ ಓಂಕಾರಮೂರ್ತಿ, “ಇಲ್ಲ ಅಂತ ಹಾಕು,” ಎಂದರು. ಸಹಿ ಮಾಡುವಾಗ ಅವರ ಕಣ್ಣಲ್ಲಿ ನೀರಿತ್ತು, ಅದು ನಾಟಕವಾಗಿರಲಿಲ್ಲ.

ಆ ಪತ್ರ ಇಟ್ಟುಕೊಂಡೇ ಬಾಗಿಲು ತೆರೆದ ದಿನ ಅರ್ಜಿ ಹೋಯಿತು. ನಂಬರ್ ಬಂದಿದೆ, ಉತ್ತರ ಬರಬೇಕು. ಅದಿರಲಿ. ಹೇಳಬೇಕಾದದ್ದು ಸಾವ್ಕಾರರು ಸಹಿ ಹಾಕಿದ ದಿನದ ಮಧ್ಯಾಹ್ನದ ಮಾತು. ಆರೈಕೆ ಪಡೆದವರ ಸಹಿಯೂ ಪತ್ರದ ಕೆಳಗಿರಲಿ ಎಂದು ಡಾಕ್ಟರಮ್ಮ ಹೇಳಿದ್ದಳು. ನಾನು ಕಾಗದ ಹಿಡಿದು ವೀರಮ್ಮನ ಕೋಣೆಗೆ ಹೋದೆ. ನಾಗರತ್ನ ಹಳೆಯ ಸೀರೆಗೆ ಮರಳಿ ಮಂಚದ ಪಕ್ಕ ನಿಂತಿದ್ದಳು.

“ಓದ್ದೆ ಸೈನ್ ಹಾಕಲ್ಲ. ಕನ್ನಡದಾಗೆ ಹೇಳು,” ಎಂದಳು ಮುದುಕಿ.

ಒಂದೊಂದು ಸಾಲನ್ನೂ ಹೇಳಿದೆ. ಕೊನೆಯದನ್ನು ಬಿಟ್ಟೆ. “ಇನ್ನೊಂದು ಸಾಲೈತೆ,” ಎಂದಳು, ಕಣ್ಣು ಚೆನ್ನಾಗಿಯೇ ಇದೆ. ವಿಧಿಯಿಲ್ಲದೆ ಹೇಳಿದೆ: ಯಾವ ಸಂಬಂಧವೂ ಇಲ್ಲ.

ನಾಲ್ಕು ತಿಂಗಳು ಇದೇ ಮಾತಿಗಾಗಿ ಹೊಡೆದಾಡಿದವಳು ನಾಗರತ್ನ. ಕೇಳಿದಾಗ ಮಾತ್ರ ಸೆರಗು ಬಾಯಿಗೆ ಹೋಯಿತು. ಗೋಡೆ ಕಡೆ ತಿರುಗಿದಳು.

“ಯಾಕೆ ಅಳ್ತೀಯೇ? ಸರಿಯಾಗೇ ಬರ್ದಿದಾರೆ,” ಎಂದಳು ವೀರಮ್ಮ. “ನಾನೂ ನಮ್ಮವ್ವ ಹಡೆದ ಮಗಳೇ. ಅವಳು ಮೂರು ವರ್ಷ ಮಲಗಿದ್ಲು, ನಾನು ಹಬ್ಬಕ್ಕೆ ಹೋಗಿ ಉಂಡೆ ತಿಂದು ಬಂದೆ. ನೀನು ಮಗಳಾಗಿದ್ರೆ ನಾನು ಎಂದೋ ಹುಳ ಬಿದ್ದು ಸಾಯ್ತಿದ್ದೆ. ಬಾ ಇಲ್ಲಿ, ಪೆನ್ನು ಕೊಡು. ಕೈ ನಡುಗ್ತೈತೆ.”

ನಾಗರತ್ನ ಬಂದು ಎಂದಿನಂತೆ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದಳು. ಸಹಿ ಮುಗಿಯುವವರೆಗೆ ಮುದುಕಿಯ ಮಣಿಕಟ್ಟು ಹಿಡಿದುಕೊಂಡಿದ್ದಳು.